ಐದನೇ ಎಣಿಕೆ

"ಪುಸ್ತಕವೇ ತಪ್ಪು," ಎಂದು ಅವನು ಗಿಟಾರಿನ ತಂತಿಗಳ ಮೇಲೆ ಅಂಗೈಯಿಟ್ಟು ಸದ್ದು ಅಡಗಿಸಿದ.

ಟೀಚರಮ್ಮ ತಾಳ ಹಾಕುತ್ತಿದ್ದ ಮರದ ಅಡಿಪಟ್ಟಿಯನ್ನು ಮೇಜಿನ ಮೇಲಿಟ್ಟು ಕನ್ನಡಕದ ಮೇಲಿನಿಂದ ನೋಡಿದರು. "ಏನಂದ್ರಿ?"

"ಇಲ್ನೋಡಿ. ಚರಣದ ಮೂರನೇ ಸಾಲಿನ ಕೊನೇಲಿ ನಾಲ್ಕು ಎಣಿಕೆ ಬರೆದಿದ್ದಾರೆ. ಅಲ್ಲಿ ಬರೋದು ಐದು. ಇಪ್ಪತ್ತು ವರ್ಷದಿಂದ ಇದೇ ಹಾಡು ನುಡಿಸ್ತಿದ್ದೀನಿ, ನನಗೆ ಗೊತ್ತಿಲ್ವಾ?"

"ಅಂದ್ರೆ ಹಾಡು ಕಟ್ಟಿದೋರಿಗೆ ಗೊತ್ತಿಲ್ಲ, ಬರೆದೋರಿಗೆ ಗೊತ್ತಿಲ್ಲ, ಅಚ್ಚು ಹಾಕಿದೋರಿಗೂ ಗೊತ್ತಿಲ್ಲ. ನಿಮಗೊಬ್ರಿಗೇ ಗೊತ್ತು." ಅವರು ಮತ್ತೆ ಅಡಿಪಟ್ಟಿ ಎತ್ತಿಕೊಂಡರು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಇನ್ನೊಂದ್ಸಲ ಹೊಡೀರಿ."

ಸಿಟ್ಟು ಅವನ ಕಿವಿಯ ತುದಿಯವರೆಗೂ ಏರಿತು. ನಲವತ್ತು ದಾಟಿದ ಗಂಡಸು, ಚಿಕ್ಕ ಮಕ್ಕಳು ಕೂರುವ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕುಳಿತು ಇಂಥ ಮಾತು ಕೇಳಬೇಕೆಂದರೆ ಸುಮ್ಮನೆಯೇ? ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಶುರುವಾಗಿ ಕೋಣೆಯ ನೆಲ ನಡುಗಿತು, ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಗಾಜು ಕತ್ತರಿಸುವುದೇ ಅವನ ಕಸುಬು. ಆ ಗಾಜನ್ನು ಕೂರಿಸಿದವನಿಗೆ ಕೆಲಸ ಬರುತ್ತಿರಲಿಲ್ಲ ಎಂಬುದನ್ನು ಅವನು ಮೊದಲ ದಿನವೇ ಕಂಡಿದ್ದ. ಅದನ್ನಾದರೂ ಹೇಳಿ ಸೇಡು ತೀರಿಸಿಕೊಳ್ಳೋಣ ಎನಿಸಿತು. ಬದಲಿಗೆ ಗಿಟಾರನ್ನು ಸರಿಮಾಡಿಕೊಂಡ.

ಹಗಲು ಗಾಜಿನ ಅಂಗಡಿ, ಸಂಜೆ ಮತ್ತು ರಜೆಯ ದಿನ ಅಣ್ಣನ ವಾದ್ಯತಂಡ. ಇದು ಅವನ ಬದುಕು. ತಂಡ ಅಣ್ಣನದು, ಮುಂದೆ ನಿಂತು ಹಾಡುವವನೂ ಅಣ್ಣ. ಅಣ್ಣ ಅವನನ್ನು ತಮ್ಮ ಎಂದು ಕರೆಯುತ್ತಿದ್ದರಿಂದ ಮೈಕು ಕಟ್ಟುವವನಿಂದ ಹಿಡಿದು ಸಭಾಂಗಣದ ಮಾಲೀಕನವರೆಗೆ ಎಲ್ಲರಿಗೂ ಅವನು ತಮ್ಮನೇ. ಎದುರಿಗೆ ತಮ್ಮ, ಬೆನ್ನ ಹಿಂದೆ ತಾಳಗೇಡಿ. ಆ ಎರಡನೇ ಹೆಸರಿಟ್ಟವನೂ ಅಣ್ಣನೇ. ಕಾರ್ಯಕ್ರಮದಲ್ಲಿ ಹಾಡು ಎಲ್ಲಾದರೂ ಎಡವಿದರೆ ಅಣ್ಣ ಅಳುಕುತ್ತಿರಲಿಲ್ಲ. ಮೈಕು ಬಾಯಿಗೆ ಹಿಡಿದು, ತಿರುಗಿಯೂ ನೋಡದೆ ಒಂದು ಕೈಯನ್ನು ಹಿಂದಕ್ಕೆ ಚಾಚಿ, "ನನ್ನ ತಮ್ಮ. ಬಹಳ ಒಳ್ಳೇ ಹುಡುಗ. ತಾಳ ಒಂದು ಬಿಟ್ಟು ದೇವರು ಎಲ್ಲಾ ಕೊಟ್ಟಿದ್ದಾನೆ," ಎನ್ನುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನೂ ತಲೆ ಕೆರೆದುಕೊಂಡು ನಗುತ್ತಿದ್ದ. ನಗದಿದ್ದರೆ ಸಣ್ಣತನವಾಗುತ್ತದಲ್ಲ.

ಒಂದೇ ಮಾತನ್ನು ಇಪ್ಪತ್ತು ವರ್ಷ ಕೇಳಿದರೆ ಕಲ್ಲೂ ನಂಬುತ್ತದೆ. ಅವನು ಮನುಷ್ಯ, ಬೇಗನೇ ನಂಬಿದ್ದ. ಸಭೆಯಲ್ಲಿ ಎಲ್ಲರೂ ಹಾಡಿಗೆ ಚಪ್ಪಾಳೆ ತಟ್ಟುವಾಗ ಅವನು ಕೈಕಟ್ಟಿ ನಿಲ್ಲುತ್ತಿದ್ದ. ಮಗಳು ಮಗುವಾಗಿದ್ದಾಗ ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಲಗಿಸಲೂ ಹೆದರಿದ್ದ, ತನ್ನ ರೋಗ ಅದಕ್ಕೆಲ್ಲಿ ಅಂಟೀತೋ ಎಂದು. ಈಚೆಗೆ ತಂಡದ ಡ್ರಮ್ಮಿನವನು ಹೇಳದೆ ಕೇಳದೆ ಬೇರೆ ತಂಡಕ್ಕೆ ಹೋದ. ಆಗ ಅಣ್ಣ ಎಲ್ಲರೆದುರಿಗೆ, "ನಿನ್ನ ಕಾಟ ತಡೀಲಾರದೇ ಹೋದ ಕಣೋ ಅವನು. ಎಷ್ಟು ದಿನ ಅಂತ ನಿನ್ನ ಹೊತ್ಕೊಂಡು ತಿರುಗ್ತಾನೆ?" ಎಂದುಬಿಟ್ಟ. ಆ ವಾರವೇ ಅವನು ಟೈರ್ ಅಂಗಡಿಯ ಮೇಲಿನ ಮೆಟ್ಟಿಲು ಹತ್ತಿದ್ದ. ತನ್ನೊಳಗೆ ಎಲ್ಲೋ ಮುರಿದಿರುವುದನ್ನು ಈ ಹೆಂಗಸು ಸರಿಮಾಡಿಕೊಟ್ಟರೆ ಸಾಕು, ಇಲ್ಲದಿದ್ದರೆ ಗಿಟಾರನ್ನು ಅಟ್ಟಕ್ಕೆ ಹಾಕುವುದು ಎಂದು ತೀರ್ಮಾನಿಸಿಕೊಂಡೇ ಹತ್ತಿದ್ದ.

ಟೀಚರಮ್ಮ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಮಂಡಿನೋವು, ಮೂಗಿನ ತುದಿಯಲ್ಲಿ ಸಿಟ್ಟು. ಮೊದಲ ದಿನ ಅವರು ಹಲಗೆಯ ಮೇಲೆ ಉದ್ದಕ್ಕೆ ಗೆರೆ ಎಳೆದು, ಅದನ್ನು ನಿಂತ ಗೆರೆಗಳಿಂದ ತುಂಡು ಮಾಡಿದರು. "ಎರಡು ನಿಂತ ಗೆರೆ ನಡುವೆ ಇರೋದು ಒಂದು ಮನೆ. ಮೊದಲಲ್ಲಿ ಒಂದರ ತಲೆ ಮೇಲೊಂದು ಎರಡು ಅಂಕಿ ಬರೆದಿರ್ತಾರೆ. ಮೇಲಿನ ಅಂಕಿ ಮನೇಲಿ ಎಷ್ಟು ಜನ ಅಂತ ಹೇಳುತ್ತೆ. ಕೆಳಗಿನ ಅಂಕಿ ಆ ಜನ ಯಾವ ಅಳತೆಯೋರು ಅಂತ ಹೇಳುತ್ತೆ. ಮೇಲೆ ನಾಲ್ಕು ಕೆಳಗೆ ನಾಲ್ಕು ಅಂದ್ರೆ, ಮನೆಗೆ ನಾಲ್ಕು ಕಾಲು. ಮೇಲೆ ಮೂರು ಅಂದ್ರೆ ಮೂರೇ ಕಾಲು. ಅಷ್ಟೇ ಕಥೆ."

"ಕಾಲು ಅಂದ್ರೆ?"

"ನಿಮ್ಮಜ್ಜಿ ತಕ್ಕಡಿ ಹಿಡಿದು ಹೇಳ್ತಿರ್ಲಿಲ್ವೇನ್ರೀ? ಪೂರ್ತಿ, ಅರ್ಧ, ಕಾಲು, ಅರೆಕಾಲು, ವೀಸ. ಅದೇ ಲೆಕ್ಕ. ನಾಲ್ಕು ಎಣಿಕೆ ಉದ್ದಕ್ಕೆ ನಿಲ್ಲೋದು ಪೂರ್ತಿ, ಅದರ ನಾಲ್ಕನೇ ಒಂದು ಭಾಗ ಕಾಲು. ಕಾಲಿಗೆ ಒಂದು ಬಾಲ ಅಂಟಿಸಿದ್ರೆ ಅರೆಕಾಲು, ಎರಡು ಬಾಲ ಅಂಟಿಸಿದ್ರೆ ವೀಸ. ಗಿಟಾರಿಗೆ ಲಯ ಬರೆಯೋವಾಗ ತಲೆ ಜಾಗದಲ್ಲಿ ಓರೆಗೆರೆ ಹಾಕ್ತಾರೆ. ಓರೆಗೆರೆ ಕಂಡಾಗ ಕೈ ಬೀಸಿ."

ಕಣ್ಣು ಇದನ್ನೆಲ್ಲ ಒಪ್ಪಿಕೊಳ್ಳಲು ಬಹಳ ಹಟ ಮಾಡಿತು. ಕೈ ತಂತಾನೇ ಬಲ್ಲ ಕೆಲಸವನ್ನು ಕಣ್ಣಿನ ಅಪ್ಪಣೆ ಪಡೆದು ಮಾಡುವುದೆಂದರೆ, ಊಟ ಮಾಡುವಾಗ ಪ್ರತಿ ತುತ್ತಿಗೂ ಬಾಯಿ ಎಲ್ಲಿದೆ ಎಂದು ಕೇಳಿದಂತೆ. "ಒಂದು-ಮತ್ತು-ಎರಡು-ಮತ್ತು" ಎಂದು ಬಾಯಲ್ಲಿ ಹೇಳುತ್ತ, ಅಂಕಿಗೆ ಕೈ ಕೆಳಗೆ, 'ಮತ್ತು'ವಿಗೆ ಕೈ ಮೇಲೆ. ಗಾಜಿನ ಅಂಗಡಿಯಲ್ಲೂ ಅವನು ತುಟಿಯಾಡಿಸುತ್ತ ಎಣಿಸುತ್ತಿದ್ದ. ಓರೆಗೆರೆಗಳಿಗಿಂತ ಹೆಚ್ಚು ಕಾಡಿದ್ದು ಖಾಲಿ ಜಾಗದ ಗುರುತುಗಳು. ವಿರಾಮಕ್ಕೂ ಅಳತೆಯಿದೆ, ಕಾಲು ವಿರಾಮ, ಅರ್ಧ ವಿರಾಮ. ಇಡೀ ಮನೆಯೇ ಸುಮ್ಮನಿರಬೇಕಾದರೆ ಗೆರೆಯಿಂದ ಜೋತುಬಿದ್ದ ಕರಿ ಇಟ್ಟಿಗೆಯಂಥ ಗುರುತು. "ಇಟ್ಟಿಗೆ ಕಂಡ್ರೆ ಕೈ ತೊಡೆ ಮೇಲೆ," ಎನ್ನುತ್ತಿದ್ದರು ಟೀಚರಮ್ಮ. "ಆದ್ರೆ ಎಣಿಕೆ ನಿಲ್ಲಿಸೋ ಹಾಗಿಲ್ಲ. ಸುಮ್ಮನಿರೋದೂ ನುಡಿಸೋದೇ."

ಅಂತೂ ಓದಲು ಬಂತು. ಹೊಸ ಹಾಡುಗಳಲ್ಲಿ ಮನೆ ತಪ್ಪುತ್ತಿರಲಿಲ್ಲ. ಇವತ್ತು ಟೀಚರಮ್ಮ ಹಳೇ ಹಾಡುಗಳ ಪುಸ್ತಕದಿಂದ, ಅಣ್ಣನ ತಂಡ ಎಲ್ಲ ಕಾರ್ಯಕ್ರಮದಲ್ಲೂ ಮೊದಲು ಹಾಡುವ ಆ ಹಾಡನ್ನು ತೆಗೆದಿದ್ದರು. ಅಲ್ಲಿ ಬಂದು ಅವನು ಮುಗ್ಗರಿಸಿದ್ದ.

ಇನ್ನೊಮ್ಮೆ ನುಡಿಸಿದ. ಮೂರನೇ ಸಾಲಿನ ಕೊನೆಯಲ್ಲಿ ಮತ್ತೆ ಐದು. ಅಡಿಪಟ್ಟಿ ಮೇಜಿಗೆ ಬಡಿಯಿತು.

"ಕಣ್ಣು ಮುಚ್ಚಿ," ಎಂದರು ಟೀಚರಮ್ಮ. "ಪುಸ್ತಕಾನೂ ಬೇಡ. ಮನಸ್ಸಲ್ಲೇ ಹಾಡ್ಕೊಂಡು ನುಡಿಸಿ."

ಕಣ್ಣು ಮುಚ್ಚಿ ನುಡಿಸಿದ. ಕಾಲು ತಂತಾನೇ ನೆಲ ತಟ್ಟುತ್ತಿತ್ತು. ಹಾಡು ಮುಗಿದಾಗ ಅಡಿಪಟ್ಟಿಯ ಸದ್ದು ಬರಲಿಲ್ಲ.

"ನಾಲ್ಕೇ ಬಂತು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲಾ ಮನೇಲೂ ನಾಲ್ಕು. ಈಗ ಕಣ್ಣು ಬಿಟ್ಟು, ಸ್ಟೇಜ್ ಮೇಲೆ ಹೇಗೆ ಕೂರ್ತೀರೋ ಹಾಗೇ ಕೂತು ನುಡಿಸಿ."

ಅವನು ಕುರ್ಚಿಯನ್ನು ಕೊಂಚ ಬಲಕ್ಕೆ ತಿರುಗಿಸಿ ಗದ್ದ ಎತ್ತಿ ಕುಳಿತ. ಮೊದಲ ಸಾಲು ಸರಿ. ಎರಡನೆಯದು ಸರಿ. ಮೂರನೆಯದರ ಕೊನೆಯಲ್ಲಿ ಕೈ ಗಾಳಿಯಲ್ಲಿ ನಿಂತಿತು, ಒಂದು ಎಣಿಕೆ ಕಾಯಿತು, ಆಮೇಲೆ ಬಿತ್ತು.

"ಎಲ್ಲಿ ನೋಡ್ತಿದ್ದೀರಿ?"

ಅವನ ಕಣ್ಣು ಎದುರಿನ ಬರಿ ಗೋಡೆಯ ಮೇಲೆ ಆಳೆತ್ತರದ ಒಂದು ಜಾಗದಲ್ಲಿ ನೆಟ್ಟಿತ್ತು. ಅಲ್ಲಿ ಏನೂ ಇರಲಿಲ್ಲ. ಏನು ನೋಡುತ್ತಿದ್ದೇನೆಂದು ಅವನಿಗೇ ಆಗ ತಿಳಿಯಿತು.

"ಅಣ್ಣನ ಭುಜ," ಎಂದ.

ಅಣ್ಣ ಹಾಡುವಾಗ ಅವನು ಹಿಂದೆ, ಎಡಕ್ಕೆ ಕುಳಿತಿರುತ್ತಾನೆ. ಅವನಿಗೆ ಕಾಣುವುದು ಅಣ್ಣನ ಬೆನ್ನು ಮತ್ತು ಎಡ ಭುಜ. ಮೂರನೇ ಸಾಲಿನ ಕೊನೆಯ ಪದವನ್ನು ಅಣ್ಣ ಮೇಲಕ್ಕೆ ಎತ್ತಿ ಎಳೆಯುತ್ತಾನೆ, ಜನ ಶಿಳ್ಳೆ ಹೊಡೆಯುತ್ತಾರೆ, ಆಮೇಲೆ ಭುಜ ಮೇಲೆದ್ದು ಉಸಿರು ತೆಗೆದುಕೊಂಡು ಕೆಳಗಿಳಿಯುತ್ತದೆ. ಭುಜ ಇಳಿದ ಮೇಲೆ ಮುಂದಿನ ಸಾಲು. ಆ ಉಸಿರಿಗೆ ಬೇಕಾಗುವುದು ಒಂದು ಎಣಿಕೆ. ಅದು ಹಾಡಿನಲ್ಲಿ ಇಲ್ಲದ ಎಣಿಕೆ. ಕೆಲವು ದಿನ ಉಸಿರು ಸಾಕಾಗಿ ಅಣ್ಣ ಸೀದಾ ಮುಂದಕ್ಕೆ ಹೋಗಿಬಿಡುತ್ತಾನೆ, ಕಾಯುತ್ತ ಕುಳಿತ ತಮ್ಮ ಹಿಂದೆ ಬೀಳುತ್ತಾನೆ. ಆಗ ಹಾಡು ಎಡವುತ್ತದೆ. ಆಗಲೇ ಆ ಕೈ ಹಿಂದಕ್ಕೆ ಚಾಚುವುದು, ಜನ ನಗುವುದು.

"ನಿಮಗೇನೂ ಆಗಿಲ್ಲ," ಎಂದರು ಟೀಚರಮ್ಮ, ಅಡಿಪಟ್ಟಿಯನ್ನು ಡ್ರಾಯರಿನೊಳಗೆ ಇಡುತ್ತ. "ನಿಮ್ಮ ಲಯ ಗಟ್ಟಿಯಾಗೇ ಇದೆ. ಇನ್ನೊಬ್ಬರ ಉಸಿರಿಗೆ ಕಟ್ಟಿಹಾಕಿದ್ದೀರಿ ಅಷ್ಟೇ."

ಅವನಿಗೆ ಖುಷಿಯಾಗಬೇಕಿತ್ತು. ಮೆಟ್ಟಿಲು ಇಳಿಯುವಾಗ ಖುಷಿ ಎಲ್ಲಿದೆ ಎಂದು ಹುಡುಕಿದ. ಸಿಕ್ಕಿದ್ದು ಸಿಟ್ಟು ಮಾತ್ರ.

ದಾರಿಯಲ್ಲಿ ಕೀಬೋರ್ಡು ನುಡಿಸುವವನ ಮನೆ. ದಪ್ಪ ಕನ್ನಡಕದ ದೆಸೆಯಿಂದ ಅವನಿಗೆ ಸೋಡಾಗ್ಲಾಸ್ ಎಂದೇ ಹೆಸರು. ಬಾಗಿಲಲ್ಲಿ ನಿಂತೇ ಅವನ ಮುಂದೆ ಎಲ್ಲವನ್ನೂ ಒದರಿದ. ಸೋಡಾಗ್ಲಾಸ್ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿದ.

"ಇದು ಎಲ್ರಿಗೂ ಗೊತ್ತು ಕಣಯ್ಯಾ," ಎಂದ. "ಡ್ರಮ್ಮಿನವನು ಅದಕ್ಕೇ ಅಲ್ವಾ ಹೋಗಿದ್ದು? ನಿಮ್ಮಣ್ಣ ಎಲ್ಲಿ ನಿಲ್ತಾರೆ ಎಲ್ಲಿ ಓಡ್ತಾರೆ ಅಂತ ನೀನೊಬ್ಬ ಹಿಡೀತಿದ್ದೆ, ನಾವೆಲ್ಲ ನಿನ್ನ ಕೈ ನೋಡ್ಕೊಂಡು ಹೋಗ್ತಿದ್ವಿ."

"ಗೊತ್ತಿದ್ದೂ ನನಗೆ ಹೇಳ್ಲಿಲ್ಲ?"

"ನಿನಗೆ ಗೊತ್ತಿಲ್ಲ ಅಂತ ನಮಗೇನು ಗೊತ್ತು? ಅಣ್ಣನ ಮಾನ ಉಳಿಸೋಕೆ ನಗ್ತಾ ಇದೀಯ ಅಂದ್ಕೊಂಡಿದ್ವಿ. ಎಂಥಾ ತಮ್ಮ ಅಂತ ನಾನು ನಮ್ಮನೇಲಿ ಎಷ್ಟು ಸಲ ಹೇಳಿದ್ದೀನಿ ಗೊತ್ತಾ?"

ಅವನಿಗೆ ಸೋಡಾಗ್ಲಾಸಿನ ಕನ್ನಡಕ ಕಿತ್ತು ನೆಲಕ್ಕೆ ಹೊಡೆಯಬೇಕೆನಿಸಿತು. ಬೇರೆಯವರ ಮನೆಯಲ್ಲಿ ದೊಡ್ಡಮನಸ್ಸಿನವನು ಎಂದು ಹೊಗಳಿಸಿಕೊಳ್ಳುತ್ತಿದ್ದ ಮನುಷ್ಯ ತನ್ನ ಮನೆಯಲ್ಲಿ ಮಗುವನ್ನು ತಟ್ಟಲು ಹೆದರುತ್ತಿದ್ದ. ಇದನ್ನು ಯಾರಿಗೆ ಹೇಳುವುದು?

ಹೆಂಡತಿಗೆ ಹೇಳಿದ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಯಾರದೋ ಅಂಗಿಯ ತೋಳು ಹೊಲಿಗೆಯಂತ್ರದ ಸೂಜಿಯ ಕೆಳಗಿತ್ತು. ಕೇಳಿ ಮುಗಿಯುವವರೆಗೂ ಯಂತ್ರ ನಿಲ್ಲಿಸಲಿಲ್ಲ. ದಾರ ಕಡಿದು, "ಇದಕ್ಕೆ ಟೀಚರ್ ಬೇಕಿತ್ತಾ? ಅಣ್ಣ ತಪ್ಪಾಡಿದ್ರೆ ತಮ್ಮ ತಲೆ ತಗ್ಗಿಸ್ತಾನೆ ಅನ್ನೋದು ಓದೋಕೆ ಬರದೋರಿಗೂ ಕಾಣುತ್ತೆ," ಎಂದಳು.

"ಅಣ್ಣನಿಗೆ ಗೊತ್ತಿರಲಿಕ್ಕಿಲ್ಲ ಕಣೇ. ಹಾಡೋವಾಗ ಅವನಿಗೆ ಮೈಮೇಲೆ ಎಚ್ಚರ ಇರಲ್ಲ."

"ಹಾಗಾದ್ರೆ ಹೇಳಿ. ಹೇಳಿದ ಮೇಲೂ ನಿಮ್ಮ ಮೇಲೇ ಹಾಕಿದ್ರೆ ಗೊತ್ತಿತ್ತು ಅಂತ ಲೆಕ್ಕ."

"ಅಪ್ಪ ಹೋದಾಗ ಅವನು ಓದು ಬಿಟ್ಟು ಗ್ಯಾರೇಜಿಗೆ ಸೇರಿದ. ನನ್ನ ಓದಿಸಿದ. ಈ ಗಿಟಾರು ತಂದುಕೊಟ್ಟಿದ್ದೂ ಅವನೇ."

"ಅನ್ನ ಹಾಕಿದ್ದು ನಿಜ. ಯಾರು ಇಲ್ಲ ಅಂದೋರು?" ಅವಳು ಅಂಗಿಯನ್ನು ಕೊಡವಿ ಮಡಚಿದಳು. "ಅನ್ನ ಹಾಕಿದ್ರು ಅಂತ ಅವರು ಹಾಕಿದ ಹೆಸರನ್ನೂ ಹೊತ್ಕೊಂಡು ತಿರುಗಬೇಕಾ? ನನ್ನ ಮಗಳನ್ನ ಅವರ ಮಕ್ಕಳು ಏನಂತ ಕರೀತಾರೆ ಗೊತ್ತಾ ನಿಮಗೆ? ತಾಳಗೇಡಿ ಮಗಳು ಅಂತ."

ಅದು ಅವನಿಗೆ ಗೊತ್ತಿರಲಿಲ್ಲ.

ಡ್ರಮ್ಮಿನವನು ಹೋದ ಮೇಲೆ ಅಣ್ಣ ಒಂದು ತಾಳದ ಪೆಟ್ಟಿಗೆ ತಂದಿದ್ದ. ಅಂಗೈಯಗಲದ ಯಂತ್ರ. ಎಣಿಕೆಗೊಮ್ಮೆ ಮಿನುಗುವ ಕೆಂಪು ದೀಪ, ಒಂದು ಗುಂಡಿ ಒತ್ತಿದರೆ ಇಡೀ ಡ್ರಮ್ ಸೆಟ್ಟಿನ ಸದ್ದು. "ಇದಕ್ಕೆ ಊಟ ಹಾಕೋ ಹಾಗಿಲ್ಲ, ಮುನಿಸಿಕೊಳ್ಳಲ್ಲ, ತಾಳ ತಪ್ಪಲ್ಲ," ಎಂದು ಅಣ್ಣ ಅದನ್ನು ಹೊಸ ಸೊಸೆಯಂತೆ ಎಲ್ಲರಿಗೂ ತೋರಿಸಿದ್ದ. ಭಾನುವಾರ ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ಪೆಟ್ಟಿಗೆಯ ಜೊತೆ ಮೊದಲ ಅಭ್ಯಾಸ. ಅವನು ಟೀಚರಮ್ಮನ ಪುಸ್ತಕದಿಂದ ಹಾಡಿನ ಲಯವನ್ನು ಒಂದು ಹಾಳೆಗೆ ನಕಲು ಮಾಡಿಕೊಂಡು ಹೋಗಿದ್ದ. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಾಗ ಅಣ್ಣ ಹುಬ್ಬು ಹಾರಿಸಿದ.

"ಏನೋ ಇದು? ಕಾಗೆ ಕಾಲು ಗುಬ್ಬಿ ಕಾಲು?"

"ತಾಳ ಬರೆದಿರೋದು. ಓದೋಕೆ ಕಲೀತಿದ್ದೀನಿ."

"ಈ ವಯಸ್ಸಿನಲ್ಲಾ!" ಅಣ್ಣ ಸೋಡಾಗ್ಲಾಸಿನ ಕಡೆ ನೋಡಿ ನಕ್ಕ. ಸೋಡಾಗ್ಲಾಸ್ ಕೀಬೋರ್ಡಿನ ಮೇಲಿಲ್ಲದ ಧೂಳು ಒರೆಸತೊಡಗಿದ.

ಪೆಟ್ಟಿಗೆ ಶುರುವಾಯಿತು. ಅವನು ಹಾಳೆಯನ್ನೇ ನೋಡುತ್ತ ನುಡಿಸಿದ. ಭುಜ ನೋಡದೆ ನುಡಿಸುವುದು ಕೈ ಬಿಟ್ಟು ಸೈಕಲ್ ಹೊಡೆದಂತಿತ್ತು. ಮೂರನೇ ಸಾಲು ಬಂತು, ಅಣ್ಣ ಎಳೆದ, ಉಸಿರು ತೆಗೆದುಕೊಂಡ, ಮುಂದಿನ ಸಾಲಿಗೆ ಬಾಯಿ ತೆರೆಯುವಷ್ಟರಲ್ಲಿ ಪೆಟ್ಟಿಗೆ ಒಂದು ಎಣಿಕೆ ಮುಂದಿತ್ತು. ಗಿಟಾರು ಪೆಟ್ಟಿಗೆಯ ಜೊತೆಗಿತ್ತು. ಹಾಡು ಒಡೆಯಿತು. ಮತ್ತೆ ಮಾಡಿದರು, ಮತ್ತೆ ಅಲ್ಲೇ ಒಡೆಯಿತು.

"ನಿಲ್ಸೋ!" ಅಣ್ಣ ಕೂಗಿದ. "ಈ ಕಾಗದ ನೋಡ್ಕೊಂಡು ಇರೋ ಅಲ್ಪಸ್ವಲ್ಪ ತಾಳಾನೂ ಕಳ್ಕೊಂಡೆಯಲ್ಲೋ."

"ಅಣ್ಣಾ, ನಾನು ಪೆಟ್ಟಿಗೆ ಜೊತೇಲೇ ಇದ್ದೆ." ಅವನು ಹಾಳೆಯಲ್ಲಿ ಆ ಮನೆಯ ಮೇಲೆ ಬೆರಳಿಟ್ಟ. "ಮೂರನೇ ಸಾಲು ಆದ್ಮೇಲೆ ನೀನು ಉಸಿರಿಗೆ ಒಂದೆಣಿಕೆ ಜಾಸ್ತಿ ತಗೋತೀಯ. ಮುಂಚಿಂದಾನೂ. ನಾನು ಕಾಯ್ತಿದ್ದೆ, ಪೆಟ್ಟಿಗೆ ಕಾಯಲ್ಲ."

ಅಣ್ಣ ಅವನನ್ನು ನೋಡಿದ. ಆ ನೋಟವನ್ನು ಆಮೇಲೆ ಎಷ್ಟೋ ಸಲ ಅವನು ನೆನಪಿಗೆ ತಂದುಕೊಂಡ. ಆಶ್ಚರ್ಯವಿದ್ದಿದ್ದರೆ ಅವನು ಅಲ್ಲಿಯೇ ಎಲ್ಲ ಮರೆತುಬಿಡುತ್ತಿದ್ದ. ಆಶ್ಚರ್ಯ ಇರಲಿಲ್ಲ. ಅಣ್ಣನ ಕಣ್ಣು ಒಮ್ಮೆ ಸೋಡಾಗ್ಲಾಸಿನ ಕಡೆ ಹರಿದು, ಅವನು ಕೇಳಿಸಿಕೊಂಡನೇ ಎಂದು ನೋಡಿ, ವಾಪಸು ಬಂತು.

"ಓಹೋ," ಎಂದ ಅಣ್ಣ. "ಈಗ ನನಗೆ ಪಾಠ. ಮೂಗು ಸೋರಿಸ್ಕೊಂಡು ನನ್ನ ಹಿಂದೆ ಓಡಾಡ್ತಿದ್ದೋನು ಈಗ ನನಗೆ ಉಸಿರಾಡೋದು ಹೇಳ್ಕೊಡ್ತಾನೆ! ಒಂದು ಕೆಲ್ಸ ಮಾಡು. ಇನ್ಮೇಲೆ ಚರಣದಲ್ಲಿ ನೀನು ಗಿಟಾರಿನ ಮೇಲೆ ಕೈಯೇ ಇಡ್ಬೇಡ. ಪೆಟ್ಟಿಗೆ ನೋಡ್ಕೊಳ್ಳುತ್ತೆ. ನಿನ್ನ ಸದ್ದೇ ನನ್ನ ಕೆಡಿಸ್ತಿರೋದು. ಪಲ್ಲವಿ ಬಂದಾಗ ಸೇರ್ಕೋ, ಅದೂ ಮೆತ್ತಗೆ."

"ಒಂದ್ಸಲ ಪೆಟ್ಟಿಗೆ ಜೊತೆ ನೀನೊಬ್ನೇ ಹಾಡಿ ನೋಡಣ್ಣ, ಈಗಲೇ."

"ಮೂವತ್ತು ವರ್ಷದಿಂದ ಹಾಡಿರೋ ಹಾಡನ್ನ ನಾನು ಅಭ್ಯಾಸ ಮಾಡ್ಬೇಕೇನೋ? ಮುಂದಿನ ಹಾಡು ತೆಗಿ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅವನು ಪೆನ್ನು ತೆಗೆದು ಹಾಳೆಯ ಮೇಲೆ ಬಾಗಿದ. ಚರಣದ ಓರೆಗೆರೆಗಳನ್ನೆಲ್ಲ ಹೊಡೆದುಹಾಕಿ, ಪ್ರತಿ ಮನೆಯಲ್ಲೂ ಗೆರೆಯಿಂದ ಜೋತುಬಿದ್ದ ಒಂದೊಂದು ಕರಿ ಇಟ್ಟಿಗೆ ಬರೆದ. ಮೊದಲ ಇಟ್ಟಿಗೆಗಳು ಸೊಟ್ಟಗಾದವು. ಬರಬರುತ್ತ ನೆಟ್ಟಗಾದವು. ಇಷ್ಟು ಸಿಟ್ಟಿನಲ್ಲಿ ಅವನು ಅಷ್ಟು ಚೆಂದವಾಗಿ ಯಾವುದನ್ನೂ ಬರೆದಿರಲಿಲ್ಲ.

ಅದಾದ ಮೇಲಿನ ಶನಿವಾರ ಕಾರ್ಖಾನೆಯೊಂದರ ವಾರ್ಷಿಕ ಕೂಟ. ಹೋಟೆಲಿನ ದೊಡ್ಡ ಸಭಾಂಗಣ, ಬಿಳಿ ಬಟ್ಟೆ ಹೊದೆಸಿದ ದುಂಡು ಮೇಜುಗಳು, ಸಂಸಾರ ಸಮೇತ ಬಂದ ಕೆಲಸಗಾರರು. ಸಂಜೆಯ ಬೆಳಕು ಇನ್ನೂ ಕಿಟಕಿಗಳಲ್ಲಿತ್ತು. ಮುಂದಿನ ಮೇಜಿನಲ್ಲಿ ಹಸಿರು ಸೀರೆಯ ಮುದುಕಿಯೊಬ್ಬಳು ಕುರ್ಚಿಯನ್ನು ವೇದಿಕೆಯ ಕಡೆಗೇ ತಿರುಗಿಸಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟು ಕುಳಿತಿದ್ದಳು. ಹೊರಡುವ ಮುಂಚೆ ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡಿ, "ಜಗಳ ಆಡ್ಬೇಡಿ. ನಿಮಗೆ ಹೇಳಿರೋದನ್ನ ಹೇಳಿದ ಹಾಗೇ ಮಾಡಿ ಬನ್ನಿ," ಎಂದಿದ್ದಳು. ಅವಳ ಮುಖ ನೋಡಿದರೆ ಅದು ಬುದ್ಧಿವಾದವೋ ಕಿಡಿಗೇಡಿತನವೋ ತಿಳಿಯುತ್ತಿರಲಿಲ್ಲ.

ಅಣ್ಣ ಮಿರುಗುವ ಕೋಟು ತೊಟ್ಟಿದ್ದ. ಹತ್ತಿರದಿಂದ ನೋಡಿದರೆ ಕಾಲರಿನ ಬಳಿ ಬೆವರಿತ್ತು. ವೇದಿಕೆಯ ಮೆಟ್ಟಿಲು ಹತ್ತಿ ಬಂದವನು ಮೈಕು ಹಿಡಿಯುವ ಮುನ್ನ ಸ್ವಲ್ಪ ಹೊತ್ತು ಕಂಬಕ್ಕೆ ಕೈಯೂರಿ ನಿಂತ. ಕೊನೆಗೊಮ್ಮೆ ಹೇಳಿಬಿಡೋಣವೇ ಎಂದು ತಮ್ಮನಿಗೆ ಅನಿಸಿತು. ಅಣ್ಣಾ, ಇದನ್ನು ಪೆಟ್ಟಿಗೆ ಇಲ್ಲದೆ ಮಾಡೋಣ, ನಾನು ಕಾಯುತ್ತೇನೆ ಎಂದು. ಎದ್ದು ಹತ್ತಿರವೂ ಹೋದ.

"ಕೂತ್ಕೋ ಹೋಗು," ಎಂದ ಅಣ್ಣ, ಜನರ ಕಡೆಗೆ ಹಲ್ಲು ಬಿಟ್ಟುಕೊಂಡೇ. "ಚರಣದಲ್ಲಿ ಕೈ ಇಟ್ಟೆಯೋ, ಇವತ್ತೇ ನಿನ್ನ ಕೊನೇ ಕಾರ್ಯಕ್ರಮ."

ಅವನು ಹೋಗಿ ಕುಳಿತ.

ಪಲ್ಲವಿ ಚೆನ್ನಾಗಿಯೇ ಬಂತು. ಅಣ್ಣನ ಕಂಠದಲ್ಲಿ ಇಂದಿಗೂ ಜನರನ್ನು ಕಟ್ಟಿಹಾಕುವ ಗುಣವಿತ್ತು. ಅದನ್ನು ಇಲ್ಲವೆನ್ನಲು ಯಾವ ಸಿಟ್ಟಿಗೂ ಸಾಧ್ಯವಿರಲಿಲ್ಲ. ಹಾಳೆಯಲ್ಲಿ ಮೊದಲ ಇಟ್ಟಿಗೆ ಬಂದಾಗ ಅವನು ಎರಡೂ ಕೈಗಳನ್ನು ತೆಗೆದು, ಎಲ್ಲರಿಗೂ ಕಾಣುವಂತೆ ಮೊಣಕಾಲುಗಳ ಮೇಲಿಟ್ಟ. ಪೆಟ್ಟಿಗೆಯ ಕೆಂಪು ದೀಪ ಮಿನುಗುತ್ತಿತ್ತು. ಬೂಟಿನೊಳಗೆ ಹೆಬ್ಬೆರಳು ಎಣಿಸುತ್ತಿತ್ತು. ಒಂದು ಎರಡು ಮೂರು ನಾಲ್ಕು. ಎರಡನೇ ಮನೆಗೆ ಎರಡು ಎರಡು ಮೂರು ನಾಲ್ಕು. ಮನೆಯಿಂದ ಮನೆಗೆ ಕಣ್ಣು ದಾಟುತ್ತಿತ್ತು.

ಮೂರನೇ ಸಾಲು. ಅಣ್ಣ ಆ ಪದವನ್ನು ಎತ್ತಿದ, ಎಳೆದ, ಕೈ ಮೇಲಕ್ಕೆ ಚಾಚಿದ. ಶಿಳ್ಳೆಗಳು ಬಿದ್ದವು. ಪೆಟ್ಟಿಗೆ ಮುಂದಿನ ಮನೆಗೆ ಹೋಯಿತು, ಸೋಡಾಗ್ಲಾಸಿನ ಬೆರಳುಗಳು ಪೆಟ್ಟಿಗೆಯ ಹಿಂದೆ ಹೋದವು. ಅಣ್ಣ ಉಸಿರು ತೆಗೆದುಕೊಂಡು ಬರುವಷ್ಟರಲ್ಲಿ ಅವನ ಎಣಿಕೆ ದಾಟಿಹೋಗಿತ್ತು. ಹಿಡಿಯಲು ಅವಸರ ಮಾಡಿದ, ಎರಡು ಪದ ನುಂಗಿದ, ಈಗ ಮುಂದಕ್ಕೆ ಬಿದ್ದ. ಹಾಡು ಒಂದು ಕಡೆ, ಪೆಟ್ಟಿಗೆ ಒಂದು ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ಹಿಂದಿನ ಮೇಜುಗಳಲ್ಲಿ ಮಾತಾಡುತ್ತಿದ್ದವರೂ ತಲೆ ಎತ್ತಿದರು. ಅಣ್ಣ ಹಾಡು ನಿಲ್ಲಿಸಿದ.

ನಿಲ್ಲಿಸಿ ನಕ್ಕ. ಮೈಕನ್ನು ಬಾಯಿಗೆ ಹಿಡಿದು, ತಿರುಗಿ ನೋಡದೆ, ಒಂದು ಕೈಯನ್ನು ಹಿಂದಕ್ಕೆ ಚಾಚಿದ.

"ಕ್ಷಮಿಸಬೇಕು. ನನ್ನ ತಮ್ಮ. ಬಹಳ ಒಳ್ಳೇ ಹುಡುಗ. ತಾಳ ಒಂದು ಬಿಟ್ಟು ದೇವರು ಎಲ್ಲಾ ಕೊಟ್ಟಿದ್ದಾನೆ."

ಅವನ ಮೈಯೆಲ್ಲ ಉರಿದುಹೋಯಿತು. ಗೊತ್ತಿತ್ತು! ಹೇಳಿದ ಮೇಲೂ, ಕೈಯಿಡಬೇಡ ಎಂದು ತಾನೇ ಅಪ್ಪಣೆ ಮಾಡಿದ ಮೇಲೂ! ಹಲ್ಲು ಕಡಿದ ಸದ್ದು ತನ್ನ ಕಿವಿಗೇ ಕೇಳಿಸಿತು. ಗಿಟಾರನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕು, ಎದ್ದು ಹೋಗಬೇಕು, ಆ ಮಿರುಗುವ ಕೋಟನ್ನು ಹರಿಯಬೇಕು. ಹಾಳೆಯಲ್ಲಿ ಇನ್ನೂ ಇಟ್ಟಿಗೆಗಳಿದ್ದವು. ಅವನು ಮೊಣಕಾಲಿನ ಮೇಲಿನ ಕೈಗಳನ್ನು ಅಲ್ಲಿಂದ ಎತ್ತಲಿಲ್ಲ.

ಎಡಗಡೆಯ ಮೇಜುಗಳಿಂದ ನಗು ಎದ್ದಿತು. ಅಣ್ಣ ಚಾಚಿದ ಕೈಯನ್ನು ಹಿಡಿದು ಜನರ ಕಣ್ಣು ಹಿಂದಕ್ಕೆ ಹರಿಯಿತು, ಕುಳಿತವನ ಮೇಲೆ ಬಿತ್ತು, ಅವನ ಕೈಗಳ ಮೇಲೆ ನಿಂತಿತು. ಹಸಿರು ಸೀರೆಯ ಮುದುಕಿ ಪಕ್ಕದವಳ ಕಡೆಗೆ ವಾಲಿ, ವಯಸ್ಸಾದವರು ಗುಟ್ಟು ಹೇಳುವ ಆ ದೊಡ್ಡ ದನಿಯಲ್ಲಿ ಹೇಳಿದಳು: "ಅಯ್ಯೋ, ಅವನು ಬಾರಿಸ್ತಾನೇ ಇರ್ಲಿಲ್ವಲ್ಲೇ."

ನಗು ಅರ್ಧಕ್ಕೆ ನಿಂತಿತು. ಒಂದು ಮೇಜಿನಲ್ಲಿ ಯಾರೋ ಕೆಮ್ಮಿದರು. ಪೆಟ್ಟಿಗೆ ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಬರಬೇಕಾದ ನಗು ಬರದೆ ಅಣ್ಣ ತಿರುಗಿದ. ಇಷ್ಟು ವರ್ಷದಲ್ಲಿ ಹಾಡಿನ ನಡುವೆ ಆ ಮುಖ ಅವನ ಕಡೆ ತಿರುಗಿದ್ದು ಅದೇ ಮೊದಲು. ಅಣ್ಣ ಕೈಗಳನ್ನು ನೋಡಿದ, ಹಾಳೆಯನ್ನು ನೋಡಿದ, ಹಿಂದಕ್ಕೆ ಚಾಚಿದ್ದ ತನ್ನ ಕೈಯನ್ನು ಕೆಳಗಿಳಿಸಿದ. ಏನೋ ಹೇಳುವಂತೆ ತುಟಿಗಳು ಅಲುಗಿದವು. ಅವನು ಕಾಯಲಿಲ್ಲ. ಕಣ್ಣನ್ನು ಹಾಳೆಗೆ ತಂದ. ಕೊನೆಯ ಇಟ್ಟಿಗೆ. ಎರಡು, ಮೂರು, ನಾಲ್ಕು.

ಪಲ್ಲವಿಯ ಒಂದಕ್ಕೆ ಸರಿಯಾಗಿ ಅವನ ಕೈ ತಂತಿಗಳ ಮೇಲೆ ಬಿತ್ತು. ಮೆತ್ತಗಲ್ಲ. ಕೆಳಗೆ ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ. ಓರೆಗೆರೆ ಇದ್ದಲ್ಲಿ ಸದ್ದು, ಇಲ್ಲದಲ್ಲಿ ಇಲ್ಲ. ಪೆಟ್ಟಿಗೆಯೂ ಗಿಟಾರೂ ಒಂದೇ ಹಲಗೆಗೆ ಬಡಿದ ಎರಡು ಮೊಳೆಗಳಂತೆ ಕೂಡಿಕೊಂಡವು. ಸೋಡಾಗ್ಲಾಸ್ ತಲೆ ತಗ್ಗಿಸಿಕೊಂಡೇ ಬಂದು ಸೇರಿಕೊಂಡ. ಹಾಡಬೇಕಾದ ಪದಗಳ ಜಾಗ ಖಾಲಿಯಾಗಿ ಒಂದೊಂದಾಗಿ ದಾಟಿಹೋಗುತ್ತಿತ್ತು.

ಅಣ್ಣ ಮೈಕನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಅದನ್ನು ಆರಿಸುವುದನ್ನು ಮರೆತಿದ್ದ. ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ, ಒಂದು ಎಣಿಕೆಗೂ ಇನ್ನೊಂದಕ್ಕೂ ನಡುವೆ, ಅವನ ಉಸಿರು ಕೇಳಿಸುತ್ತಿತ್ತು. ತೆಗೆದುಕೊಳ್ಳುವುದು, ಬಿಡುವುದು, ಮತ್ತೆ ತೆಗೆದುಕೊಳ್ಳುವುದು. ತಮ್ಮ, ಹಾಳೆಯಿಂದ ಕಣ್ಣೆತ್ತದೆ, ಮುಂದಿನ ಮನೆಗೆ ಹೋದ.